ಮಿದುಳಿನ ಕಸಬರಿಗೆ: ವಿಜಯಪುರದ ಅತ್ತಾರ ಅಂಗಡಿಯಲ್ಲಿ ಕೊಂಡ ಉಸ್ತುಖುದ್ದೂಸ್

ಬಾಗಲಕೋಟೆಯ ನವನಗರದಲ್ಲಿರುವ ನನ್ನ ಅಕ್ಕನಿಗೆ ಇಪ್ಪತ್ತು ವರ್ಷಗಳಿಂದ ಅರೆತಲೆನೋವು. ಕಳೆದ ಡಿಸೆಂಬರಿನಲ್ಲಿ ನೆರೆಮನೆಯ ಹಿರಿಯರೊಬ್ಬರು ಯುನಾನಿ ಮೂಲಿಕೆಯೊಂದರ ಹೆಸರು ಹೇಳಿದರೆಂದು, ಅದನ್ನು ಕಿವಿಗೆ ಬಿದ್ದಂತೆ "ಉಸ್ತಾದ್ ಕುದ್ದೂಸ" ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ಫೋಟೊ ತೆಗೆದು ನನ್ನ ಮೊಬೈಲಿಗೆ ಕಳುಹಿಸಿದಳು. ಯಾರೋ ತಬಲಾ ವಾದಕರ ಕಾರ್ಯಕ್ರಮವಿರಬೇಕು ಎಂದುಕೊಂಡು ನಾನು ಸುಮ್ಮನಿದ್ದೆ. ಸಂಜೆ ಫೋನ್ ಬಂತು: "ತಮ್ಮಾ, ಅದು ನಿಮ್ಮ ಬಿಜಾಪುರದಾಗ ಸಿಗತೈತೆಂತ. ಛಲೋದು ನೋಡಿ ತಗೊಂಡ ಬಾರೋ."

ಸರಿಯಾದ ಹೆಸರು ಉಸ್ತುಖುದ್ದೂಸ್. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗುಡ್ಡಗಳಲ್ಲಿ, ಅಂದರೆ ಪೋರ್ಚುಗಲ್, ಸ್ಪೇನ್‌ಗಳಿಂದ ಹಿಡಿದು ಗ್ರೀಸ್, ಟರ್ಕಿಯವರೆಗೆ ಮತ್ತು ಉತ್ತರ ಆಫ್ರಿಕಾದ ದಂಡೆಯುದ್ದಕ್ಕೂ ತಾನಾಗಿ ಬೆಳೆಯುವ ಒಂದು ಜಾತಿಯ ಲ್ಯಾವೆಂಡರ್‌ನ ಒಣಗಿದ ಹೂತೆನೆ ಇದು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಲ್ಯಾವೆಂಡುಲಾ ಸ್ಟೀಕಸ್ ಎಂಬ ಹೆಸರಿದೆ. ತುಳಸಿ, ಪುದೀನಾ, ದೊಡ್ಡಪತ್ರೆಗಳ ಕುಟುಂಬಕ್ಕೇ ಸೇರಿದ್ದು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಈ ಗಿಡದ ಪರಿಚಯ ಪುಸ್ತಕದ ಚಿತ್ರದಲ್ಲಿ ಮಾತ್ರ ಇತ್ತು. ಅಕ್ಕನ ನೆಪದಿಂದ ಮೂರು ತಿಂಗಳಲ್ಲಿ ಅದನ್ನು ಎರಡು ಕಡೆ ಕೊಂಡು, ಕುದಿಸಿ, ಕುಡಿದು, ಹಬೆ ತೆಗೆದುಕೊಂಡು ನೋಡಿದ್ದೇನೆ. ಈ ಬರಹ ಮುಖ್ಯವಾಗಿ ಒಂದು ಅಂಗಡಿಯ ಬಗ್ಗೆ ಮತ್ತು ಅಲ್ಲಿ ಸಿಕ್ಕ ಸರಕಿನ ಬಗ್ಗೆ.

ಅಂಗಡಿ ಇರುವುದು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಆಸುಪಾಸಿನ ಓಣಿಯೊಂದರಲ್ಲಿ. ಫಲಕದ ಬಣ್ಣವೆಲ್ಲ ಉದುರಿ ಈಗ "ಅತ್ತಾರ" ಎಂಬ ಮೂರಕ್ಷರ ಮಾತ್ರ ಉಳಿದಿದೆ. ಆ ಹೆಸರಿನ ಅಂಗಡಿಗಳು ಈ ಊರಿನಲ್ಲಿ ಹತ್ತಾರು ಇರುವುದರಿಂದ ಹೆಸರು ಹೇಳಿದರೂ ಗುರುತು ಹತ್ತುವುದು ಕಷ್ಟ. ಮುಂಭಾಗದಲ್ಲಿ ಅತ್ತರಿನ ಸಣ್ಣ ಸೀಸೆಗಳು, ಊದುಬತ್ತಿ, ಲೋಬಾನ, ಸುರ್ಮಾ. ಹಿಂದಿನ ಗೋಡೆಯ ತುಂಬ ಮರದ ಸಣ್ಣ ಸಣ್ಣ ಖಾನೆಗಳು ಮತ್ತು ಹಳೆಯ ಬಿಸ್ಕೀಟಿನ ತಗಡಿನ ಡಬ್ಬಿಗಳು. ಒಂದೊಂದರ ಮೇಲೂ ಉರ್ದುವಿನಲ್ಲಿ ಒಂದು ಚೀಟಿ, ಅದರ ಕೆಳಗೆ ಮಗ ಬರೆದನೆಂದು ಹೇಳಿದ ಕನ್ನಡದ ಚೀಟಿ. ಅಂಗಡಿಯ ಅಗಲ ನಾನು ಎರಡೂ ಕೈ ಚಾಚಿದರೆ ಮುಗಿಯುವಷ್ಟು. ಮಾಲೀಕರಿಗೆ ಅರವತ್ತು ದಾಟಿರಬೇಕು. ಗಿರಾಕಿಗಳೆಲ್ಲ ಚಾಚಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ.

ಹೆಸರು ಹೇಳಿದ ಕೂಡಲೇ ಅವರು ಡಬ್ಬಿಯನ್ನು ಇಳಿಸಲಿಲ್ಲ. ಯಾರಿಗೆ, ಏತಕ್ಕೆ, ವಯಸ್ಸೆಷ್ಟು, ಬೇರೆ ಗುಳಿಗೆ ನಡೆದಿವೆಯೇ ಎಂದು ಕೇಳಿದರು. ಅಕ್ಕ ರಾತ್ರಿ ನಿದ್ದೆಗೆ ಗುಳಿಗೆ ತೆಗೆದುಕೊಳ್ಳುತ್ತಾಳೆ ಎಂದಾಗ ತಲೆ ಅಲ್ಲಾಡಿಸಿ, ಅವರ ಡಾಕ್ಟರನ್ನು ಕೇಳದೆ ಕೊಡಬೇಡಿ ಎಂದರು. ಸರಕು ಮಾರುವವನ ಬಾಯಿಂದ ಮೊದಲು ಬಂದ ಮಾತು ಇದು ಎಂಬುದನ್ನು ನಾನು ಇಲ್ಲಿ ದಾಖಲಿಸಬೇಕು. ಆಮೇಲೆ ಡಬ್ಬಿ ತೆರೆದು, ಒಂದು ಚಿಟಿಕೆ ತೆನೆಗಳನ್ನು ಅಂಗೈಯಲ್ಲಿ ಹಾಕಿ, "ಮಾಸ್ತರ, ಮೊದಲ ಕೈಯಾಗ ತಿಕ್ಕಿ ಮೂಸಿ ನೋಡ್ರಿ, ಆಮ್ಯಾಲೆ ರೊಕ್ಕದ ಮಾತು. ಇದಕ್ಕ ನಮ್ಮ ಹಕೀಮರು ಜಾರೂಬ್-ಎ-ದಿಮಾಗ್ ಅಂತಾರ. ಮಿದುಳಿನ ಕಸಬರಿಗಿ!" ಎಂದರು.

ತಿಕ್ಕಿದೆ. ಸೋಪು, ಪೌಡರಿನಿಂದ ನಮಗೆ ಪರಿಚಯವಿರುವ ಲ್ಯಾವೆಂಡರ್‌ನ ನಯವಾದ ಹೂವಿನ ಪರಿಮಳ ಅಲ್ಲಿ ಇರಲೇ ಇಲ್ಲ. ಮೂಗಿಗೆ ಹೊಡೆದದ್ದು ಕರ್ಪೂರ. ಅದರ ಬೆನ್ನಿಗೇ ನೀಲಗಿರಿ ಎಣ್ಣೆಯ ತಂಪು, ಕೊನೆಗೆ ಒಣಹುಲ್ಲಿನಂಥದೊಂದು ಒಗರು. ಇದು ಸಹಜವೇ. ಸೋಪಿಗೆ ಬಳಸುವ ಲ್ಯಾವೆಂಡರ್ ಬೇರೆ ಜಾತಿ, ಅದರ ಎಣ್ಣೆಯಲ್ಲಿ ಲಿನಲೂಲ್ ಮುಂತಾದ ಮೃದು ಸುಗಂಧಗಳು ಮುಖ್ಯ. ಉಸ್ತುಖುದ್ದೂಸಿನ ಎಣ್ಣೆಯಲ್ಲಿ ಫೆಂಕೋನ್ ಮತ್ತು ಕರ್ಪೂರವೇ ಹೆಚ್ಚು, ಜೊತೆಗೆ ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಕೂಡ ಇರುತ್ತದೆ. ಹೀಗಾಗಿ ಈ ಸರಕನ್ನು ಕೊಳ್ಳುವವನಿಗೆ ಕಣ್ಣಿಗಿಂತ ಮೂಗು ಹೆಚ್ಚು ಉಪಯೋಗಕ್ಕೆ ಬರುತ್ತದೆ. 50 ಗ್ರಾಂಗೆ 45 ರೂಪಾಯಿ ಕೊಟ್ಟೆ. ಉರ್ದು ಪತ್ರಿಕೆಯ ಹಾಳೆಯಲ್ಲಿ ಪುಡಿಕೆ ಕಟ್ಟಿ, ದಾರ ಸುತ್ತಿ ಕೊಟ್ಟರು.

ಮನೆಗೆ ಬಂದು ಬಿಳಿ ಕಾಗದದ ಮೇಲೆ ಹರವಿ, ಹಳೆಯ ಭೂತಗನ್ನಡಿ ಹಿಡಿದು ನೋಡಿದೆ. ಒಂದೊಂದು ತೆನೆ ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಬೂದಿ ಮೆತ್ತಿದಂಥ ಬಣ್ಣ. ಗಾಜಿನಡಿಯಲ್ಲಿ ಆ ಬೂದಿ ಎಂದರೆ ಒತ್ತಾಗಿ ಹಬ್ಬಿದ ಸಣ್ಣ ಕೂದಲು ಎಂಬುದು ಕಾಣುತ್ತದೆ. ತೆನೆಗೆ ನಾಲ್ಕು ಮುಖಗಳಿದ್ದು, ಹೂವಿನ ಬಟ್ಟಲುಗಳು ಜೋಳದ ತೆನೆಯ ಕಾಳುಗಳಂತೆ ಸಾಲಾಗಿ ಕೂತಿರುತ್ತವೆ. ಗಿಡದಲ್ಲಿದ್ದಾಗ ತೆನೆಯ ನೆತ್ತಿಯ ಮೇಲೆ ಮೊಲದ ಕಿವಿಯಂತೆ ನೇರಳೆ ಎಸಳುಗಳ ಜುಟ್ಟೊಂದು ಇರುತ್ತದೆ. ಒಣಗಿಸಿ, ಮೂಟೆ ಕಟ್ಟಿ, ಸಾಗಿಸಿ ತರುವಷ್ಟರಲ್ಲಿ ಅದು ಮುರಿದು ಉದುರುತ್ತದೆ; ನನ್ನ 50 ಗ್ರಾಂನಲ್ಲಿ ಜುಟ್ಟು ಉಳಿದಿದ್ದ ತೆನೆಗಳು ನಾಲ್ಕೈದು, ಅವುಗಳ ನೇರಳೆಯೂ ಮಾಸಿ ಹಳೆಯ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಕಡ್ಡಿ ಕಸ ಒಂದು ಚಮಚದಷ್ಟು ಸಿಕ್ಕಿತು. ಬಿಡಿಯಾಗಿ ಮಾರುವ ಮೂಲಿಕೆಗೆ ಅಷ್ಟನ್ನು ಕ್ಷಮಿಸಬಹುದು.

ಈ ಗಿಡಕ್ಕೆ ಬರಹದಲ್ಲಿ ಹಳೆಯ ಸಾಕ್ಷಿ ಡಯಾಸ್ಕೊರಿಡೀಸ್‌ನದು. ಈಗಿನ ಟರ್ಕಿಯ ದಕ್ಷಿಣದಲ್ಲಿದ್ದ ಅನಜಾರ್ಬಸ್ ಎಂಬ ಊರಿನ ಈ ಗ್ರೀಕ್ ವೈದ್ಯ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಔಷಧ ದ್ರವ್ಯಗಳ ಕುರಿತು ಬರೆದ ಗ್ರಂಥ ಮುಂದೆ ಸಾವಿರದೈನೂರು ವರ್ಷ ವೈದ್ಯರ ಕೈಪಿಡಿಯಾಯಿತು. ಸ್ಟೊಯ್ಖಾಸ್ ಎಂಬ ಗಿಡ ಮಸ್ಸಾಲಿಯಾದ, ಎಂದರೆ ಇಂದಿನ ಫ್ರಾನ್ಸಿನ ಮಾರ್ಸೇಲ್ ನಗರದ, ಎದುರಿನ ಸ್ಟೊಯ್ಖಾಡೀಸ್ ದ್ವೀಪಗಳಲ್ಲಿ ಬೆಳೆಯುತ್ತದೆ, ದ್ವೀಪಗಳಿಂದಲೇ ಅದಕ್ಕೆ ಆ ಹೆಸರು ಬಂತು, ರುಚಿ ಖಾರವಾಗಿ ತುಸು ಕಹಿ, ಅದರ ಕಷಾಯ ಎದೆಯ ಬೇನೆಗಳಿಗೆ ಒಳ್ಳೆಯದು ಎಂದು ಅವನು ಬರೆದಿದ್ದಾನೆ. ಗ್ರೀಕಿನಲ್ಲಿ ಆ ಮಾತಿಗೆ ಸಾಲಾಗಿ ಇರುವುದು ಎಂಬ ಅರ್ಥ. ಈಗ ಇಯೇರ್ ದ್ವೀಪಗಳೆಂದು ಕರೆಯುವ ಅವು ದಂಡೆಯ ಮುಂದೆ ಸಾಲುಗಟ್ಟಿಯೇ ನಿಂತಿವೆ. ಡಯಾಸ್ಕೊರಿಡೀಸ್ ಎದೆಯ ಬೇನೆ ಎಂದದ್ದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮಿದುಳಿನ ಮಾತು ಬರುವುದು ಆಮೇಲೆ.

ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಆ ಗ್ರಂಥ ಅರಬ್ಬಿಗೆ ಬಂತು. ಅನುವಾದಿಸಿದವನು ಇಸ್ತಿಫಾನ್ ಇಬ್ನ್ ಬಾಸಿಲ್, ತಿದ್ದಿದವನು ಹುನೈನ್ ಇಬ್ನ್ ಇಸ್ಹಾಕ್. ಅರಬ್ಬಿಯಲ್ಲಿ ಮಾತಿನ ಮೊದಲಿಗೆ ಎರಡು ವ್ಯಂಜನಗಳು ಒಟ್ಟಿಗೆ ಬರುವಂತಿಲ್ಲವಾದ್ದರಿಂದ ಸ್ಟೊಯ್ಖಾಸ್‌ಗೆ ಮುಂದೊಂದು ಸ್ವರ ಸೇರಿ ಉಸ್ತುಖುದ್ದೂಸ್ ಆಯಿತು. ಸ್ಕೂಲನ್ನು ಇಸ್ಕೂಲ, ಸ್ಟೇಷನ್ನನ್ನು ಇಸ್ಟೇಷನ್ ಎನ್ನುವ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಹೆಸರು ಅಕ್ಕನ ಕ್ಯಾಲೆಂಡರಿನ ಬೆನ್ನಿನ ಮೇಲೆ ಉಸ್ತಾದ್ ಕುದ್ದೂಸನಾಗಿ ಬಂದು ಕೂತದ್ದೂ ಆ ಸರಣಿಯದೇ ಒಂದು ಕೊಂಡಿ. ಪರ್ಷಿಯಾದ ಹೆಸರಾಂತ ವೈದ್ಯ ಇಬ್ನ್ ಸೀನಾನ ಮಹಾಗ್ರಂಥದಲ್ಲಿ ಬಿಡಿ ಔಷಧಗಳ ಭಾಗದಲ್ಲಿ ಇದು ಸೇರಿದೆ. ಸ್ಪೇನಿನ ಮಾಲಾಗದಲ್ಲಿ ಹುಟ್ಟಿದ ಮೂಲಿಕೆತಜ್ಞ ಇಬ್ನುಲ್ ಬೈತಾರನಿಗಂತೂ ಇದು ತನ್ನ ಊರಿನ ಗುಡ್ಡದ ಗಿಡ. ಯುರೋಪಿನಲ್ಲಿ ವಿಷಹಾರಿ ಎಂದು ಹೆಸರಾಗಿದ್ದ ಥೀರಿಯಾಕ್ ಎಂಬ ಹತ್ತಾರು ದ್ರವ್ಯಗಳ ಲೇಹ್ಯದಲ್ಲೂ ಇದು ಬೀಳುತ್ತಿತ್ತು. ಸ್ಪೇನ್, ಪೋರ್ಚುಗಲ್‌ಗಳಲ್ಲಿ ಹಬ್ಬದ ದಿನ ಚರ್ಚಿನ ನೆಲಕ್ಕೆ ಇದನ್ನು ಹಾಸುವುದು, ಜೂನ್ ತಿಂಗಳಲ್ಲಿ ಬರುವ ಸಂತ ಯೋಹಾನನ ಹಬ್ಬದ ಬೆಂಕಿಗೆ ಹಾಕುವುದು ಹಳೆಯ ರೂಢಿ.

ಈ ಗಿಡಕ್ಕೂ ಮಿದುಳಿಗೂ ನಂಟು ಬೆಳೆದದ್ದು ಹೇಗೆ ಎಂಬುದೇ ನನಗೆ ಈ ಮೂರು ತಿಂಗಳಲ್ಲಿ ಅತ್ಯಂತ ರುಚಿಸಿದ ವಿಷಯ. ಪ್ರಾಚೀನ ಗ್ರೀಕರ ವೈದ್ಯದಲ್ಲಿ, ಅದನ್ನು ಮುಂದುವರಿಸಿದ ಯುನಾನಿಯಲ್ಲಿ, ನೆಗಡಿಯ ಸಿಂಬಳ ಮೂಗಿನಲ್ಲಿ ಹುಟ್ಟುವುದಲ್ಲ. ಮಿದುಳಿನಲ್ಲಿ ತುಂಬಿದ ಕಫ ಅಲ್ಲಿಂದ ಕೆಳಗಿಳಿದು ಮೂಗಿಗೆ, ಗಂಟಲಿಗೆ, ಎದೆಗೆ ಬರುತ್ತದೆ ಎಂಬುದು ಅವರ ಗ್ರಹಿಕೆ. ನೆಗಡಿಗೆ ಯುನಾನಿಯಲ್ಲಿ ಇಂದಿಗೂ ಇರುವ ನಜ್ಲಾ ಎಂಬ ಹೆಸರಿನ ಅರ್ಥವೇ ಇಳಿದು ಬರುವುದು. ಹಾಗಿದ್ದ ಮೇಲೆ ಕಫವನ್ನು ಸಡಿಲಿಸಿ ಹೊರಹಾಕುವ ಮೂಲಿಕೆ ಮಿದುಳನ್ನು ಗುಡಿಸಿದಂತೆಯೇ ಲೆಕ್ಕ. ತಲೆಭಾರ, ತಲೆನೋವು, ಮರೆವು, ಮಂಕು, ಮೂರ್ಛೆರೋಗ ಎಲ್ಲವೂ ಮಿದುಳಿನಲ್ಲಿ ಕಫ ಅಥವಾ ಕಪ್ಪುಪಿತ್ತ (ಅವರ ಲೆಕ್ಕದ ನಾಲ್ಕು ದೇಹರಸಗಳಲ್ಲಿ ಇವೆರಡು) ಕೂಡಿಕೊಂಡಿದ್ದರ ಫಲ ಎಂದಾದರೆ, ಒಂದೇ ಕಸಬರಿಗೆ ಎಲ್ಲ ಕೋಣೆಗಳಿಗೂ ಸಾಕಾಗುತ್ತದೆ. ಸಿಂಬಳ ಮಿದುಳಿನಿಂದ ಇಳಿಯುವುದಿಲ್ಲ, ಮೂಗಿನೊಳಗಿನ ತೆಳುಪೊರೆಯಲ್ಲೇ ಹುಟ್ಟುತ್ತದೆ ಎಂದು ಜರ್ಮನಿಯ ವೈದ್ಯ ಕೊನ್ರಾಡ್ ವಿಕ್ಟರ್ ಶ್ನೈಡರ್ ತೋರಿಸಿಕೊಟ್ಟದ್ದು 1660ರ ದಶಕದಲ್ಲಿ. ಆದರೆ ಬಿರುದು ಒಮ್ಮೆ ಅಂಟಿಕೊಂಡರೆ ಹೋಗುವುದಿಲ್ಲ. ನನ್ನ ತೀರ್ಪಿನಲ್ಲಿ ಉಸ್ತುಖುದ್ದೂಸ್ ಮೂಗಿನ ಕಸಬರಿಗೆ, ಆ ಮಟ್ಟಿಗೆ ಒಳ್ಳೆಯ ಕಸಬರಿಗೆ.

ಶ್ನೈಡರನಿಗಿಂತ ಸ್ವಲ್ಪ ಮೊದಲು, ಈ ಊರು ಆದಿಲಶಾಹಿಗಳ ರಾಜಧಾನಿಯಾಗಿದ್ದಾಗ, ಕಾಸ್ಪಿಯನ್ ಸಮುದ್ರದ ಕಡೆಯ ಅಸ್ತರಾಬಾದಿನಲ್ಲಿ ಹುಟ್ಟಿದ ಮುಹಮ್ಮದ್ ಕಾಸಿಂ ಫರಿಶ್ತಾ 1589ರಲ್ಲಿ ಇಲ್ಲಿಗೆ ಬಂದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ನೆಲೆಸಿದ. ಇತಿಹಾಸಕಾರನೆಂದು ನಾವು ಅವನನ್ನು ಓದುತ್ತೇವೆ. ಭಾರತೀಯ ವೈದ್ಯವನ್ನು ಪರ್ಷಿಯನ್ ಓದುಗರಿಗೆ ತಿಳಿಸಲು ಅವನು ದಸ್ತೂರುಲ್ ಅತಿಬ್ಬಾ ಎಂಬ ವೈದ್ಯಗ್ರಂಥವನ್ನೂ ಬರೆದ ಎಂಬುದು ಅಷ್ಟಾಗಿ ಚಲಾವಣೆಯಲ್ಲಿಲ್ಲ. ಎರಡು ವೈದ್ಯಪದ್ಧತಿಗಳು ಕೊಡುಕೊಳ್ಳುವುದು ಅದಕ್ಕೂ ಎಷ್ಟೋ ಹಿಂದಿನಿಂದ ನಡೆದಿತ್ತು. ಅಳಲೆ, ತಾರೆ, ನೆಲ್ಲಿಯ ನಮ್ಮ ತ್ರಿಫಲಾ ಅರಬ್ಬಿಗೆ ಹೋಗಿ ಇತ್ರೀಫಲ್ ಆಯಿತು. ಆ ಮೂರು ಕಾಯಿಗಳ ಪುಡಿಯನ್ನು ಬಾದಾಮಿ ಎಣ್ಣೆಯಲ್ಲಿ ತಿಕ್ಕಿ, ಜೇನು ಇಲ್ಲವೇ ಸಕ್ಕರೆ ಪಾಕದಲ್ಲಿ ಕೂಡಿಸಿ, ಈ ಮೆಡಿಟರೇನಿಯನ್ ಹೂತೆನೆಯ ಪುಡಿಯನ್ನೂ ಬೆರೆಸಿದ ಲೇಹ್ಯ ಇತ್ರೀಫಲ್ ಉಸ್ತುಖುದ್ದೂಸ್ ಎಂಬ ಹೆಸರಿನಲ್ಲಿ ಇಂದಿಗೂ ಮಾರಾಟವಾಗುತ್ತಿದೆ. ಚಾಚಾ ಅದರ ಡಬ್ಬಿಯನ್ನು ತೋರಿಸಿದಾಗ ನಾನು ಈ ತ್ರಿಫಲಾದ ಕಥೆ ಹೇಳಿದೆ. ಅವರಿಗೆ ಅದು ಮೊದಲೇ ಗೊತ್ತಿತ್ತು. "ಮಾಸ್ತರ, ಇದರಾಗ ನಿಮ್ಮದೂ ಐತಿ, ನಮ್ಮದೂ ಐತಿ" ಎಂದಷ್ಟೇ ಹೇಳಿ, ಧೂಳು ಒರೆಸಿ ಡಬ್ಬಿಯನ್ನು ಮೇಲಿಟ್ಟರು.

ಇಲ್ಲಿ ನನ್ನ ಎರಡನೆಯ ಖರೀದಿಯ ಕಥೆ ಹೇಳಬೇಕು. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಮಾರುಕಟ್ಟೆಯ ಕಡೆಗೆ ಹೋಗಲಾಗದೆ, ಮೊಬೈಲಿನಲ್ಲಿ ಆನ್‌ಲೈನ್ ಮಾರಾಟಗಾರನೊಬ್ಬನಿಂದ 100 ಗ್ರಾಂ ಉಸ್ತುಖುದ್ದೂಸ್ ತರಿಸಿದೆ. ಬೆಲೆ 249 ರೂಪಾಯಿ. ಹೊಳೆಯುವ ಪೊಟ್ಟಣ, ಅದರ ಮೇಲೆ ನೇರಳೆ ಲ್ಯಾವೆಂಡರ್ ಹೊಲದ ಚಿತ್ರ, ಜೊತೆಗೆ ನೂರಕ್ಕೆ ನೂರು ಶುದ್ಧ ಎಂಬ ಮುದ್ರೆ. ಕತ್ತರಿಸಿ ಮೂಸಿದರೆ ವಾಸನೆಯೇ ಇಲ್ಲ. ತಿಕ್ಕಿ ಮೂಸಿದರೆ ಒಣ ಹೊಟ್ಟಿನ ವಾಸನೆ. ತೆನೆಗಳು ಕಂದುಗೆಂಪು, ಗದೆಯಂತೆ ದುಂಡಗೆ, ಹಿಡಿದರೆ ಹತ್ತಿಯಷ್ಟು ಹಗುರ. ಬಟ್ಟಲುಗಳು ಸಾಲಿನಲ್ಲಿ ಇರದೆ ಅಂತಸ್ತು ಅಂತಸ್ತಾಗಿ ಸುತ್ತುಗಟ್ಟಿದ್ದವು, ಒಂದೊಂದು ಅಂತಸ್ತಿನಡಿಯಲ್ಲೂ ಬೀಸಣಿಗೆಯಂಥ ಎರಡು ತೆಳು ಎಲೆಗಳು. ಭೂತಗನ್ನಡಿ ಹಿಡಿದ ಮೇಲೆ ಅನುಮಾನ ಉಳಿಯಲಿಲ್ಲ. ಅದು ಪ್ರುನೆಲ್ಲಾ ವಲ್ಗಾರಿಸ್.

ಈ ಪ್ರುನೆಲ್ಲಾ ಕಾಶ್ಮೀರದ ಕಡೆಯ ಹುಲ್ಲುಗಾವಲುಗಳಲ್ಲಿ ಬೆಳೆಯುವ ಬೇರೆಯೇ ಗಿಡ. ಅದೂ ತುಳಸಿಯ ಕುಟುಂಬದ್ದೇ, ಅದರ ಕಾಂಡವೂ ಚೌಕ, ಅದರ ಹೂವೂ ನೇರಳೆ, ಒಣಗಿದಾಗ ಅದೂ ತೆನೆ. ದೂರದ ಊರಿನಿಂದ ಬರಬೇಕಾದ ಸರಕಿನ ಬದಲು ಹತ್ತಿರದ್ದು ಅದೇ ಹೆಸರಿನಲ್ಲಿ ಮಾರಾಟವಾಗುವುದು ಭಾರತ, ಪಾಕಿಸ್ತಾನಗಳ ಮೂಲಿಕೆ ಮಾರುಕಟ್ಟೆಗಳಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಪ್ರುನೆಲ್ಲಾ ವಿಷವಲ್ಲ. ಯುರೋಪಿನಲ್ಲಿ ಅದು ಗಾಯದ ಮದ್ದು, ಚೀನೀ ವೈದ್ಯದಲ್ಲಿ ಅದಕ್ಕೆ ಅದರದೇ ಸ್ಥಾನವಿದೆ. ಆದರೆ ಕರ್ಪೂರದ ಎಣ್ಣೆಯಿಲ್ಲದ ಹೂವಿನ ಹಬೆ ತೆಗೆದುಕೊಂಡರೆ ಬರಿಯ ಬಿಸಿನೀರಿನ ಹಬೆ ತೆಗೆದುಕೊಂಡಂತೆಯೇ. ದೂರು ಬರೆದು ಫೋಟೊ ಕಳುಹಿಸಿದೆ. ಗಿಡಮೂಲಿಕೆಗಳ ವಾಸನೆ ಋತುವಿಗೆ ತಕ್ಕಂತೆ ಬದಲಾಗುತ್ತದೆ ಎಂಬ ಸಿದ್ಧ ಉತ್ತರ ಬಂತು. ಹಣ ಬರಲಿಲ್ಲ. ಎರಡನ್ನೂ ಚಾಚಾ ಮುಂದಿಟ್ಟಾಗ ಅವರು ಪೊಟ್ಟಣವನ್ನು ಮುಟ್ಟದೆಯೇ, ಇದು ಕಾಶ್ಮೀರಿ ಮಾಲು, ನನ್ನ ಬಳಿಯೂ ಐದು ವರ್ಷದ ಹಿಂದೆ ಒಂದು ಚೀಲ ಬಂದಿತ್ತು, ವಾಪಸು ಕಳಿಸಿದೆ ಎಂದರು.

ಬಳಸಿದ ಬಗೆಯನ್ನು ಹೇಳುತ್ತೇನೆ. ಚಾಚಾ ಹೇಳಿಕೊಟ್ಟ ಪಾಕ ಹಕೀಮರಲ್ಲಿ ರೂಢಿಯಲ್ಲಿರುವುದೇ: ಉಸ್ತುಖುದ್ದೂಸ್ 3 ಗ್ರಾಂ, ಅಷ್ಟೇ ಹವೀಜ (ಕೊತ್ತಂಬರಿ ಬೀಜ), ಐದು ಕಾಳು ಕರಿಮೆಣಸು. ಇವನ್ನು ಒಂದೂವರೆ ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಿ, ಸೋಸಿ, ಬೆಚ್ಚಗಿರುವಾಗ ಕುಡಿಯಬೇಕು. ಕುದಿ ಬರುತ್ತಿದ್ದಂತೆ ಅಡುಗೆಮನೆ ತುಂಬ ಗುಡಿಯ ಮಂಗಳಾರತಿಯ ವಾಸನೆ ಹಬ್ಬಿತು. ನನ್ನ ಹೆಂಡತಿ ಒಳಗಿನಿಂದ, ಕರ್ಪೂರ ಯಾಕೆ ಹಚ್ಚಿದಿರಿ ಎಂದು ಕೇಳಿದಳು. ಕಷಾಯದ ಬಣ್ಣ ಹಾಲಿಲ್ಲದ ಚಹಾದಂತಿದ್ದು ಅಂಚಿನಲ್ಲಿ ತುಸು ಹಸಿರು. ಮೊದಲ ಗುಟುಕಿನಲ್ಲಿ ಮೆಣಸು, ಎರಡನೆಯದರಲ್ಲಿ ಕಹಿ, ನುಂಗಿದ ಮೇಲೆ ಗಂಟಲಿನಲ್ಲಿ ಕರ್ಪೂರದ ತಂಪು. ಖಾರವಾಗಿ ತುಸು ಕಹಿ ಎಂದ ಡಯಾಸ್ಕೊರಿಡೀಸ್ ತಾನು ಬರೆದದ್ದನ್ನು ಬಾಯಿಗೆ ಹಾಕಿಕೊಂಡು ನೋಡಿದ್ದನೆಂದು ಇದರಿಂದ ನಂಬಿಕೆ ಬಂತು. ಬೆಲ್ಲ ಹಾಕಿದರೆ ಕೆಡುತ್ತದೆ, ಜೇನು ಹೊಂದುತ್ತದೆ. ಮುಚ್ಚಳ ಮುಚ್ಚದೆ ಕುದಿಸಿದರೆ ಎಣ್ಣೆಯೆಲ್ಲ ಹಬೆಯೊಂದಿಗೆ ಹಾರಿಹೋಗಿ ಲೋಟದಲ್ಲಿ ಕಹಿ ಮಾತ್ರ ಉಳಿಯುತ್ತದೆ; ಎರಡನೆಯ ಸಲ ಮುಚ್ಚಿ ಕುದಿಸಿದಾಗಿನ ವ್ಯತ್ಯಾಸ ಸ್ಪಷ್ಟವಾಗಿತ್ತು.

ನಮ್ಮಲ್ಲಿ ಜನವರಿಯ ಬೆಳಗಿನ ಚಳಿಗೆ ಜೋಳದ ಹೊಲಗಳ ಕಡೆಯಿಂದ ಬರುವ ಒಣಗಾಳಿಯೂ ಸೇರಿ ನನ್ನ ಮೂಗು ಪ್ರತಿವರ್ಷ ಎರಡು ವಾರ ಕಟ್ಟುತ್ತದೆ. ಈ ಸಲ ಆ ಹದಿನೈದು ದಿನವೂ ರಾತ್ರಿ ಒಂದು ಹಿಡಿ ತೆನೆಗಳನ್ನು ಕುದಿಯುವ ನೀರಿಗೆ ಹಾಕಿ, ತಲೆಯ ಮೇಲೆ ಟವೆಲು ಹೊದ್ದು ಹಬೆ ತೆಗೆದುಕೊಂಡೆ. ಐದು ನಿಮಿಷಕ್ಕೆ ಮೂಗು ಬಿಡುತ್ತಿತ್ತು, ಒಂದೆರಡು ತಾಸು ನೆಮ್ಮದಿಯಾಗಿ ಉಸಿರಾಡಿ ನಿದ್ದೆ ಹೋಗುವಷ್ಟು. ಬೆಳಗ್ಗೆ ಮತ್ತೆ ಕಟ್ಟಿರುತ್ತಿತ್ತು. ನೆಗಡಿ ಹೋಗಲು ಹಿಡಿದ ಕಾಲ ಎಂದಿನಷ್ಟೇ. ನೀಲಗಿರಿ ಎಣ್ಣೆಯ ಎರಡು ಹನಿ ಇಷ್ಟೇ ಕೆಲಸ ಮಾಡುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಅದರ ಹಬೆ ಕಣ್ಣು ಉರಿಸುತ್ತದೆ, ಇದರದು ಉರಿಸುವುದಿಲ್ಲ. ಆ ಒಂದು ಕಾರಣಕ್ಕೆ ನಾನು ಇದನ್ನು ಮತ್ತೆ ಕೊಳ್ಳುತ್ತೇನೆ.

ಮೂರ್ಛೆರೋಗಕ್ಕೆ, ಮರೆವಿಗೆ, ಖಿನ್ನತೆಗೆ ಇದೇ ಮದ್ದು ಎಂದು ಮೊಬೈಲಿನಲ್ಲಿ ಹರಿದಾಡುವ ಮಾತುಗಳ ಬಗ್ಗೆ ಎಚ್ಚರ ಬೇಕು. ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಹೂವಿನ ಸಾರವನ್ನು ಇಲಿಗಳಿಗೆ ದೇಹತೂಕದ ಪ್ರತಿ ಕಿಲೋಗೆ 600 ಮಿಲಿಗ್ರಾಂ ಕೊಟ್ಟಾಗ, ರಾಸಾಯನಿಕದಿಂದ ಬರಿಸಿದ ಸೆಳೆತ ತಡವಾಗಿ ಮತ್ತು ಕಡಿಮೆ ಬಿರುಸಾಗಿ ಬಂದದ್ದು ಕಂಡಿತು. ಕರುಳಿನ ಸೆಳೆತವೂ ಸಡಿಲಿತು. ಹಳೆಯ ಹಕೀಮರ ಅನುಭವಕ್ಕೆ ಅದು ಒಂದಿಷ್ಟು ಬೆಂಬಲವೇ. ಆದರೆ ಪ್ರಯೋಗಾಲಯದ ಸಾರ ಬೇರೆ, ಅಂಗಡಿಯ ಎಣ್ಣೆ ಬೇರೆ. ಇದೇ ಗಿಡದ ಎಣ್ಣೆಯಲ್ಲಿ ದಂಡಿಯಾಗಿರುವ ಕರ್ಪೂರವನ್ನು ಹೊಟ್ಟೆಗೆ ಹೆಚ್ಚು ತೆಗೆದುಕೊಂಡರೆ ಅದೇ ಸೆಳೆತವನ್ನು ಬರಿಸಬಲ್ಲದು, ಮಕ್ಕಳಲ್ಲಿ ಅಲ್ಪ ಪ್ರಮಾಣವೂ ಅಪಾಯ. ಆದ್ದರಿಂದ ಮೂರ್ಛೆರೋಗ ಇರುವವರು ಗುಳಿಗೆ ನಿಲ್ಲಿಸಿ ಇದರ ಬೆನ್ನು ಹತ್ತುವುದು ಜೀವದ ಜೊತೆ ಆಡುವ ಆಟ. ಎಣ್ಣೆಯನ್ನು ಯಾರೂ ಕುಡಿಯಬಾರದು. ಬಸುರಿಯರು, ಎಳೆಯ ಮಕ್ಕಳು ದೂರವಿರುವುದು ಲೇಸು. ಅದೇ ಅಧ್ಯಯನದಲ್ಲಿ ನಿದ್ರಾಜನಕ ಕೊಟ್ಟ ಇಲಿಗಳು ಈ ಸಾರದ ಜೊತೆಗೆ ಹೆಚ್ಚು ಹೊತ್ತು ಮಲಗಿದವು ಎಂಬ ಮಾತೂ ಇದೆ. ಅಕ್ಕನ ಗುಳಿಗೆಯ ಸುದ್ದಿ ಕೇಳಿ ಚಾಚಾ ತಲೆ ಅಲ್ಲಾಡಿಸಿದ್ದು ಬರಿಯ ಹಿರಿತನದ ಅಂಜಿಕೆಯಲ್ಲ.

ಇತ್ರೀಫಲ್ ಡಬ್ಬಿಯನ್ನೂ ಒಂದು ಕೊಂಡೆ. ಕಪ್ಪಗೆ, ಅಂಟಂಟಾಗಿ, ಹುಳಿ ಸಿಹಿ ಒಗರು ಮೂರೂ ಬೆರೆತ ಲೇಹ್ಯ. ಉಸ್ತುಖುದ್ದೂಸಿನ ವಾಸನೆಯನ್ನು ಅದರಲ್ಲಿ ಹುಡುಕಬೇಕು, ಅಳಲೆಯ ಒಗರೇ ಮುಂದು. ರಾತ್ರಿ ಒಂದು ಚಮಚ ತಿಂದರೆ ಬೆಳಗ್ಗೆ ಹೊಟ್ಟೆ ಹಗುರಾಗುತ್ತದೆ, ಅದು ತ್ರಿಫಲಾದ ಪುಣ್ಯ. ಸಕ್ಕರೆ ಕಾಯಿಲೆ ಇರುವವರು ಪಾಕದ ಪ್ರಮಾಣವನ್ನು ನೋಡಿಕೊಳ್ಳಬೇಕು. ಡಬ್ಬಿಯ ಮೇಲೆ ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚು, ಅವಧಿ ಮೂರೂ ಇದ್ದವು; ಯುನಾನಿ ಔಷಧಗಳೂ 1940ರ ಔಷಧ ಕಾಯ್ದೆಯಡಿಯೇ ಬರುವುದರಿಂದ ಇವಿಲ್ಲದ ಡಬ್ಬಿಯನ್ನು ಯಾವ ಅಂಗಡಿಯಲ್ಲೂ ಕೊಳ್ಳಬಾರದು.

ಅಂಗಡಿಯ ಕೊರತೆಗಳೂ ಇವೆ. ಬಿಡಿ ಮೂಲಿಕೆ ಯಾವಾಗ ಬಂತು ಎಂಬುದಕ್ಕೆ ಯಾವ ಗುರುತೂ ಇಲ್ಲ. ಕೇಳಿದರೆ "ಮೊನ್ನೆ ಮೊನ್ನೆ" ಎನ್ನುತ್ತಾರೆ, ಆ ಮೊನ್ನೆಗೆ ಆರು ತಿಂಗಳೂ ಆಗಿರಬಹುದು. ಮಾರ್ಚಿನಲ್ಲಿ ಎರಡನೆಯ ಸಲ ಕೊಂಡ 25 ಗ್ರಾಂನಲ್ಲಿ ವಾಸನೆ ಮೊದಲಿನದಕ್ಕಿಂತ ಕಡಿಮೆ ಇತ್ತು. ತಗಡಿನ ಡಬ್ಬಿಗಳ ಮುಚ್ಚಳ ಕೆಲವಕ್ಕೆ ಸಡಿಲ, ಪಕ್ಕದಲ್ಲೇ ಅತ್ತರಿನ ಸೀಸೆಗಳು. ಎಣ್ಣೆಯಿರುವ ಹೂವಿಗೆ ಇವೆರಡೂ ಒಳ್ಳೆಯದಲ್ಲ. ಪತ್ರಿಕೆಯ ಹಾಳೆಯಲ್ಲಿ ತಿನ್ನುವ ವಸ್ತು ಕಟ್ಟುವುದನ್ನು ನಾನು ಒಪ್ಪುವುದಿಲ್ಲ, ಎರಡನೆಯ ಸಲ ಗಾಜಿನ ಬಾಟಲಿ ಒಯ್ದೆ, ಅವರು ಬೇಸರಿಸಲಿಲ್ಲ. ಬಿಲ್ಲು ಕೇಳಿದರೆ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಡುತ್ತಾರೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಸಂಜೆ 5ರ ನಂತರ ಗಿರಾಕಿಗಳ ನೂಕುನುಗ್ಗಲಿನಲ್ಲಿ ಮೂಸಿ ನೋಡುವ ಪುರಸತ್ತು ಸಿಗುವುದಿಲ್ಲ. ಬೆಳಗ್ಗೆ 11ರ ಹೊತ್ತಿಗೆ ಹೋಗುವುದು ಅನುಕೂಲ. ಒಮ್ಮೆಗೆ 25 ಗ್ರಾಂಗಿಂತ ಹೆಚ್ಚು ಕೊಳ್ಳಬೇಡಿ, ಮನೆಯಲ್ಲಿ ಬಿಗಿ ಮುಚ್ಚಳದ ಗಾಜಿನಲ್ಲಿ, ಬಿಸಿಲು ತಾಗದ ಕಡೆ ಇಡಿ. ಈ ಕೊರತೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಆನ್‌ಲೈನ್ ಪೊಟ್ಟಣಕ್ಕೆ ಕೊಡುವ ಅಂಕವನ್ನು ಓದುಗರೇ ಊಹಿಸಬಹುದು.

ಅಕ್ಕ ಪುಡಿಕೆ ಹಿಡಿದುಕೊಂಡು ತನ್ನ ವೈದ್ಯರ ಬಳಿಗೆ ಹೋದಳು. ನಿದ್ದೆಯ ಗುಳಿಗೆ ನಡೆದಿರುವವರೆಗೆ ಕಷಾಯ ಬೇಡ, ನೆಗಡಿಯಾದರೆ ಹಬೆ ತೆಗೆದುಕೊಳ್ಳಿ ಎಂದರಂತೆ. ಅವಳಿಗೆ ನೆಗಡಿಯೇ ಆಗಲಿಲ್ಲ. ಯುರೋಪಿನಲ್ಲಿ ಹೆಂಗಸರು ಲ್ಯಾವೆಂಡರ್ ಹೂವನ್ನು ಬಟ್ಟೆಗಳ ನಡುವೆ ಇಡುತ್ತಿದ್ದರು, ನುಸಿ ಬರುವುದಿಲ್ಲ ಎಂದು ನಾನು ಯಾವಾಗಲೋ ಹೇಳಿದ್ದು ಅವಳಿಗೆ ನೆನಪಿತ್ತು. ಜೂನಿನಲ್ಲಿ ನಾನು ಬಾಗಲಕೋಟೆಗೆ ಹೋದಾಗ, ಮದುವೆಯೊಂದಕ್ಕೆ ಉಡಲೆಂದು ಟ್ರಂಕಿನಿಂದ ಇಳಕಲ್ ಸೀರೆಯನ್ನು ತೆಗೆದು ಕೊಡವಿದಳು. ಮಡಿಕೆಯ ನಡುವೆ ಹಳೆಯ ಕರ್ಚೀಫಿನ ಸಣ್ಣ ಗಂಟೊಂದಿತ್ತು, ಟೋಪ ಸೆರಗಿನಿಂದ ಕರ್ಪೂರದ ವಾಸನೆ ಬಂತು. "ನಿಮ್ಮ ಉಸ್ತಾದ ಇಲ್ಲಿ ಕುಂತಾನ ನೋಡು" ಎಂದಳು.